ಜರಡಿ ಎಸೆದ ಪಿಸುಮಾತು

ನನ್ನ ಕಿವಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಕಥೆ ಆಮೇಲೆ. ಹುಬ್ಬಳ್ಳಿಯಲ್ಲಿ ಕೂತರೆ ಗದಗಿನಲ್ಲಿ ಯಾರೋ ಹಪ್ಪಳ ಮುರಿದದ್ದು ನನಗೆ ಕೇಳುತ್ತದೆ. ಅದು ಉದ್ದಿನ ಹಪ್ಪಳವೋ ಅಕ್ಕಿಯದೋ ಎಂದೂ ಹೇಳಬಲ್ಲೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಅಡುಗೆಮನೆಯಿಂದ ಮೂರು ಸಲ ಕೂಗಿದರೂ ಓಗೊಡದ ಮನುಷ್ಯನಿಗೆ ಗದಗಿನ ಹಪ್ಪಳ ಕೇಳುತ್ತದಂತೆ ಎಂದು ಬಂದವರೆದುರು ಆಡಿಕೊಳ್ಳುತ್ತಾಳೆ. ಹತ್ತಿರದ ಸದ್ದು ಕೇಳುವುದಕ್ಕೆ ಎಂಥವರಾದರೂ ಸಾಕು, ಅದಕ್ಕೆ ಶಿವಪುತ್ರ ಅಂಗಡಿಯೇ ಬೇಕೇ ಎಂದು ನಾನು ಕೇಳುತ್ತೇನೆ. ಶಿವಪುತ್ರ ಅಂಗಡಿ ಎಂದರೆ ನಾನೇ.

ಈ ಕಿವಿಗಾಗಿಯೇ ಮರುರಂಗ ಕೇಂದ್ರದವರು ನನ್ನ ಮನೆಗೆ ಹದಿನೇಳು ಸಲ ಬಂದು ಕೈಮುಗಿದರು. ಒಂದೇ ಸಲ ಬಂದಿದ್ದರು ಎಂದು ಹೆಂಡತಿ ಹೇಳಿದರೆ ನಂಬಬೇಡಿ. ಆಗ ಕಂಪನಿ ನಾಟಕಗಳು ಒಂದೊಂದಾಗಿ ಡೇರೆ ಕಿತ್ತು ಮುಗಿಯುತ್ತಿದ್ದ ಕಾಲ. ಒಂದು ನಾಟಕ ಸಾಯುವ ಮೊದಲೇ ಅದನ್ನು ಹಿಡಿದಿಟ್ಟು, ಮುಂದೆ ಯಾರು ಬೇಕಾದರೂ ಅದರೊಳಗೆ ಹೋಗಿ ನಿಲ್ಲುವ ಹಾಗಿದ್ದರೆ ಹೇಗೆ? ಕೇಂದ್ರದವರ ಯೋಚನೆ ಇಷ್ಟೇ. ಈಗ ತಾಲೂಕಿಗೊಂದರಂತೆ ಬಸ್‌ಸ್ಟ್ಯಾಂಡಿನಲ್ಲಿ ಮರುರಂಗದ ಕೋಣೆಯಿದೆ. ಕಣ್ಣಿಗೆ ಮುಚ್ಚಳದಂಥ ಕನ್ನಡಕ ಏರಿಸಿದರೆ ಸಾಕು, ನೀವು ತಗಡಿನ ಥೇಟರಿನೊಳಗಿರುತ್ತೀರಿ. ಕುರ್ಚಿಯ ಮೇಲೆ ಕೂತು ನೋಡಬಹುದು. ಧೈರ್ಯವಿದ್ದರೆ ರಂಗವೇರಿ, ಎಂದೋ ನಿಂತುಹೋದ ಕಂಪನಿಯ ನಟರ ನಡುವೆ ಓಡಾಡಬಹುದು, ಅವರ ಪಾತ್ರ ತೆಗೆದುಕೊಂಡು ಆಡಲೂಬಹುದು.

ನಾವು ಹಿಡಿದದ್ದು ಶ್ರೀ ಮೈಲಾರಪ್ರಸನ್ನ ನಾಟ್ಯ ಸಂಘದ ಕೊನೆಯ ಕ್ಯಾಂಪನ್ನು, ಇಳಕಲ್ಲಿನಲ್ಲಿ. ನಾಟಕದ ಹೆಸರು ‘ಕಳಸಾಪುರದ ದೇಸಾಯಿ ಅರ್ಥಾತ್ ಕಲ್ಲಿಗೆ ಬಂದ ಕಣ್ಣೀರು’. ಮೂವತ್ತೊಂದು ಮ್ಯಾಟಿನಿ, ನೂರಿಪ್ಪತ್ತು ಕ್ಯಾಮೆರಾ, ಅರವತ್ನಾಲ್ಕು ಮೈಕು. ಇರುವೆ ಸೀನಿದರೂ ಎಡಮೂಗಿನಿಂದಲೋ ಬಲಮೂಗಿನಿಂದಲೋ ತಿಳಿಯುತ್ತಿತ್ತು. ದೇಸಾಯಿಯ ಪಾರ್ಟು ರಾಚಪ್ಪ ಬೆಣಕಲ್ ಮಾಸ್ತರರದು. ಎಪ್ಪತ್ತೆರಡು ವಯಸ್ಸು, ಆರಡಿ ಎತ್ತರ. ಅವರು ‘ಏನಂದಿ?’ ಎಂದು ಗುಡುಗಿದರೆ ಹೊರಗೆ ನಿಂತ ಬಸ್ಸಿನ ಗೇರು ತಾನಾಗಿ ನ್ಯೂಟ್ರಲ್ಲಿಗೆ ಬರುತ್ತಿತ್ತು.

ತಗಡಿನ ಥೇಟರಿನಲ್ಲಿ ನಾಟಕದ ಸದ್ದಿಗಿಂತ ನಾಟಕವಲ್ಲದ ಸದ್ದೇ ಹೆಚ್ಚು. ಶೇಂಗಾ ಸಿಪ್ಪೆ, ಜನರೇಟರು, ಕೂಸುಗಳ ಅಳು, ಬಿಸಿಲಿಗೆ ತಗಡು ಸಿಡಿಯುವುದು. ಅದನ್ನೆಲ್ಲ ತೆಗೆಯಲು ನಾನೊಂದು ಪ್ರೋಗ್ರಾಮು ಬರೆದೆ. ಹೆಸರು ಜರಡಿ. ಅದರ ಹಿಕಮತ್ತು ಸರಳ. ಅರವತ್ನಾಲ್ಕು ಮೈಕುಗಳಿಗೆ ಒಂದೇ ಸದ್ದು ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತದಲ್ಲ, ಆ ಕೂದಲೆಳೆಯಷ್ಟು ವ್ಯತ್ಯಾಸದಿಂದ ಸದ್ದು ಹುಟ್ಟಿದ ಜಾಗವನ್ನು ಜರಡಿ ಗೇಣಿನ ಲೆಕ್ಕದಲ್ಲಿ ಹುಡುಕುತ್ತದೆ. ರಂಗದ ಗಡಿಯೊಳಗೆ ಹುಟ್ಟಿದ್ದನ್ನು ಇಟ್ಟುಕೊಳ್ಳುತ್ತದೆ, ಹೊರಗೆ ಹುಟ್ಟಿದ್ದನ್ನು ಎಸೆಯುತ್ತದೆ. ಗಡಿಯನ್ನು ನಾನೇ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿನಿಂದ ಎಳೆದೆ: ಮುಂದೆ ಹಾರ್ಮೋನಿಯಂ ಪೆಟ್ಟಿಗೆ, ಹಿಂದೆ ಅರಮನೆಯ ಪರದೆ, ಎಡಬಲಕ್ಕೆ ವಿಂಗಿನ ಬಟ್ಟೆ. ಸರಿಯಾಗಿ ಬಟ್ಟೆಯ ಅಂಚಿಗೆ.

ಸದ್ದಿಗೆ ಅಂಥ ಸ್ನಾನ ಅದುವರೆಗೆ ಯಾರೂ ಮಾಡಿಸಿರಲಿಲ್ಲ. ನನಗೆ ಪ್ರಶಸ್ತಿ ಬಂತು, ಶಾಲು ಬಂತು, ಬೆಳ್ಳಿಯದೊಂದು ತಟ್ಟೆ ಬಂತು. ಮರುರಂಗದಲ್ಲಿ ರಾಚಪ್ಪ ಮಾಸ್ತರರ ಒಂದೊಂದು ಮಾತೂ ಈಗ ತಾನೇ ತೊಳೆದ ಹಿತ್ತಾಳೆ ಗಿಂಡಿಯಂತೆ ಹೊಳೆಯುತ್ತಿತ್ತು.

ಮಾತುಗಳ ನಡುವೆ ಒಂದು ವಿಚಿತ್ರವಿತ್ತು. ಪ್ರತಿ ದೊಡ್ಡ ಮಾತಿಗೆ ಮುಂಚೆ ಮಾಸ್ತರರು ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಕಣ್ಣು ಅರೆಮುಚ್ಚಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಸುತ್ತ ನಿಶ್ಶಬ್ದ. ಆಮೇಲೆ ಮಾತು. ನೋಡಿದವರ ಮೈ ಜುಮ್ಮೆಂದಿತು. ಅದಕ್ಕೆ ‘ಎಡಗಿವಿ ಭಂಗಿ’ ಎಂಬ ಹೆಸರು ಬಿತ್ತು. ದೇಸಾಯಿ ತನ್ನ ಅಂತಃಸಾಕ್ಷಿಯನ್ನು ಆಲಿಸುವ ಕ್ಷಣ ಅದು ಎಂದು ಒಬ್ಬರು ನಾನೂರು ಪುಟದ ಪ್ರಬಂಧ ಬರೆದರು. ಒಂದು ನಾಟಕ ಶಾಲೆಯಲ್ಲಿ ಅದನ್ನು ಪಾಠವಾಗಿಟ್ಟರು. ಎಂಟು ಹುಡುಗರಿಗೆ ಕುತ್ತಿಗೆ ಹಿಡಿದುಕೊಂಡಿತು. ಕೊನೆಗೆ ವೃತ್ತಿರಂಗಭೂಮಿಯಲ್ಲಿ ಎಲ್ಲರೂ ಹೀಗೇ ನಿಲ್ಲುತ್ತಿದ್ದರು ಎಂದಾಯಿತು. ಹೌದೆಂದು ನಾನೂ ಎರಡು ಕಡೆ ಭಾಷಣ ಮಾಡಿದೆ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ನಮ್ಮ ಕಂಟ್ರೋಲ್ ರೂಮಿಗೆ ಒಬ್ಬ ಹೆಂಗಸು ಬಂದರು. ಅರವತ್ತರ ಮೇಲಿನ ವಯಸ್ಸು, ಇಳಕಲ್ ಸೀರೆ, ಕೊರಳಿಗೆ ಬಿಗಿಯಾಗಿ ಸುತ್ತಿದ ಬಿಳಿ ಬಟ್ಟೆ. ಕೈಯಲ್ಲಿ ಮಕ್ಕಳ ಪಾಟಿ. ನನ್ನನ್ನು ನೋಡಿದವರೇ ಬಳಪದಿಂದ ಬರೆದು ತೋರಿಸಿದರು: ‘ನೀವು ತೆಗೆದದ್ದು ವಾಪಸ್ ಕೊಡ್ರಿ.’

ಯಾವುದೋ ಸಾಮಾನು ಕಳೆದಿರಬೇಕು ಎಂದುಕೊಂಡೆ. ಏನು ತೆಗೆದದ್ದು ಎಂದು ಕೇಳಿದೆ. ಅವರು ಪಾಟಿ ಒರೆಸಿ ಬರೆದರು: ‘ನನ್ನ ದನಿ.’

ಆಗ ಮುಖದ ಗುರುತು ಹತ್ತಿತು. ಇಳಕಲ್ಲಿನಲ್ಲಿ ಎಡ ವಿಂಗಿನ ಹಿಂದೆ ಒಂದು ತಗಡಿನ ಟ್ರಂಕಿನ ಮೇಲೆ ಕೂತಿರುತ್ತಿದ್ದ ಹೆಂಗಸು. ಮೊದಲ ದಿನವೇ ಆ ಟ್ರಂಕಿಗೆ ಎಡವಿ ಬಿದ್ದು, ಬಟ್ಟೆ ನೋಡಿಕೊಳ್ಳುವವರು ಇಲ್ಲೇಕೆ ಕೂರುತ್ತೀರಿ, ಕೇಬಲ್ಲಿಗೆ ದಾರಿ ಬಿಡಿ ಎಂದು ನಾನೇ ರೇಗಿದ್ದೆ. ಅವರು ಟ್ರಂಕನ್ನು ಒಂದು ಗೇಣು ಸರಿಸಿಕೊಂಡಿದ್ದರು. ಹೆಸರು ಕಾಶೀಬಾಯಿ, ರಾಚಪ್ಪ ಮಾಸ್ತರರ ಹೆಂಡತಿ. ನಲವತ್ಮೂರು ವರ್ಷ ಆ ಕಂಪನಿಯ ಪ್ರಾಂಪ್ಟರು. ಕೈಯಲ್ಲಿ ನಾಟಕದ ಪ್ರತಿ ಹಿಡಿದು, ನಟನಿಗೆ ಮುಂದಿನ ಮಾತಿನ ತಲೆಯನ್ನು ಪಿಸುನುಡಿಯಲ್ಲಿ ಎತ್ತಿಕೊಡುವ ಕೆಲಸ. ಆ ಪಿಸುಮಾತು ವಿಂಗಿನ ಬಟ್ಟೆಯ ಆಚೆ ಹುಟ್ಟುತ್ತಿತ್ತು. ನನ್ನ ಗಡಿಯಿಂದ ಒಂದು ಗೇಣು ಹೊರಗೆ.

ನನ್ನ ಬೆಳ್ಳಿ ತಟ್ಟೆ ಮೇಜಿನ ಮೇಲೆಯೇ ಇತ್ತು. ಅದನ್ನು ಮೆಲ್ಲಗೆ ಡ್ರಾವರಿಗೆ ಸರಿಸಿದೆ.

ನಮ್ಮ ನಿರ್ದೇಶಕಿ ಸುಲಭಾ ದೀಕ್ಷಿತ್ ಮೇಡಂ ಪಾಟಿ ಓದಿ, ನನ್ನ ಮುಖ ಓದಿ, ಎಡಗಿವಿ ಭಂಗಿ ಎಂದರೆ ಇದೇನಾ ಎಂದು ಮೆತ್ತಗೆ ಕೇಳಿದರು. ಹೌದೆಂದೆ. ಅವರು ಕುರ್ಚಿಯಲ್ಲಿ ಕೂತರು. ನಾನೂರು ಪುಟ ಎಂದಷ್ಟೇ ಅಂದರು. ಕಾಶೀಬಾಯಿ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಮತ್ತೆ ಬರೆದರು: ‘ಮನೀಗೆ ಬರ್ರಿ. ಯಾಕ ಬೇಕು ಅನ್ನೋದು ಅಲ್ಲಿ ತಿಳೀತೈತಿ.’

ಮನೆ ಗದಗಿನ ಬೆಟಗೇರಿಯಲ್ಲಿ, ಮಗ್ಗಗಳ ಓಣಿಯಲ್ಲಿ. ರಾಚಪ್ಪ ಮಾಸ್ತರರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಪರದೆ ಏಳುವುದನ್ನು ಕಾಯುವವರ ಹಾಗೆ. ನಮಸ್ಕಾರ ಮಾಸ್ತರ, ನಾನು ಶಿವಪುತ್ರ ಎಂದೆ. ಅವರು ತಲೆಯನ್ನು ಎಡಕ್ಕೆ ವಾಲಿಸಿದರು. ಕಾದರು. ಮಾತು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಲೆ ತಾನಾಗಿ ನೆಟ್ಟಗಾಯಿತು.

ಕಾಶೀಬಾಯಿ ಪಾಟಿಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ತಿಳಿಸಿದ್ದನ್ನು ಒಟ್ಟು ಮಾಡಿ ಹೇಳುತ್ತೇನೆ. ಮಾಸ್ತರರ ನೆನಪು ಸೋರತೊಡಗಿ ಒಂಬತ್ತು ವರ್ಷವಾಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಕಂಪನಿಯ ಮಾಲೀಕನಿಗೂ ಇಲ್ಲ, ನಮಗೂ ಇಲ್ಲ. ರಂಗದ ಮೇಲೆ ಹೇಗೂ ಕಾಶೀಬಾಯಿ ಎತ್ತಿಕೊಡುತ್ತಿದ್ದರು. ಮನೆಯಲ್ಲೂ ಅದನ್ನೇ ಶುರು ಮಾಡಿದರು. ಯಾರಾದರೂ ಬಂದರೆ ಎಡಭುಜದ ಹಿಂದೆ ನಿಂತು ‘ಬರ್ರಿ, ಕುಂದರ್ರಿ’ ಎಂದು ಪಿಸುಗುಟ್ಟಿದರೆ ಸಾಕು, ಮಾಸ್ತರರು ಅದನ್ನೇ ಗುಡುಗುವರು. ‘ಹೆಂಗಿದ್ದಾರ ನಿಮ್ಮ ತಾಯಿಯವರು?’ ಎಂಬುದೂ ಹಾಗೆಯೇ. ಮೊದಲ ಶಬ್ದ ಸಿಕ್ಕರೆ ಉಳಿದದ್ದನ್ನು ಮಾಸ್ತರರೇ ಸೇರಿಸುತ್ತಿದ್ದರು, ನಗುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು. ಹೀಗೆ ಒಂಬತ್ತು ವರ್ಷ ಇಬ್ಬರೂ ಒಂದೇ ಮಾತಿನಲ್ಲಿ ಬದುಕಿದರು.

ಇಳಕಲ್ಲಿನಲ್ಲಿ ನಾನು ಮಾಸ್ತರರ ಸಂದರ್ಶನ ಮಾಡಿದ್ದೆ, ಒಂದೂವರೆ ಗಂಟೆ. ಎಷ್ಟು ಚುರುಕಾದ ಉತ್ತರಗಳು ಎಂದು ಊರೆಲ್ಲ ಹೊಗಳಿಕೊಂಡು ತಿರುಗಿದ್ದೆ. ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಕಾಶೀಬಾಯಿಯವರ ತುಟಿ ಅಲ್ಲಾಡುತ್ತಿತ್ತೇ? ನಾನು ನೋಡಲಿಲ್ಲ. ಆ ಟೇಪಿಗೂ ಜರಡಿ ಹಿಡಿದಿದ್ದೆ.

ಎಂಟು ತಿಂಗಳ ಹಿಂದೆ ಕಾಶೀಬಾಯಿಯವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿಪೆಟ್ಟಿಗೆ ಹೋಯಿತು. ಅವತ್ತಿನಿಂದ ಮಾಸ್ತರರೂ ಒಂದು ಮಾತಾಡಿಲ್ಲ. ಮಗಳು ಎತ್ತಿಕೊಟ್ಟು ನೋಡಿದಳಂತೆ, ಓದು ಬಲ್ಲ ನೆರೆಯವನೊಬ್ಬ ನೋಡಿದನಂತೆ. ಮಾಸ್ತರರು ಅವರ ಮುಖ ನೋಡಿ ಮತ್ತೆ ತಲೆ ವಾಲಿಸಿ ಬೇರೆ ಯಾರಿಗೋ ಕಾಯುತ್ತಿದ್ದರು. ಆಡದ ನಾಲಗೆ ಮಾತನ್ನು ಪೂರ್ತಿ ಮರೆಯುತ್ತದೆ, ಇನ್ನು ಮೂರ್ನಾಲ್ಕು ತಿಂಗಳು ಹೀಗೇ ಹೋದರೆ ಮತ್ತೆ ತರಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಕಾಶೀಬಾಯಿ ಊಟಕ್ಕೆ ಹಾಕಿದರು. ಮಾಸ್ತರರು ಹಪ್ಪಳ ಮುರಿದರು. ಗದಗಿನಲ್ಲಿ ಹಪ್ಪಳ ಮುರಿದ ಸದ್ದು. ಎರಡೇ ಮೊಳ ದೂರದಲ್ಲಿ ಅದು ಕೇಳಿದಾಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

‘ತೆಗೆದದ್ದನ್ನ ಎಸದೀರೇನು?’ ಎಂದು ಪಾಟಿ ಕೇಳಿತು.

ನಾನು ಯಾವುದನ್ನೂ ಎಸೆಯುವವನಲ್ಲ, ಹುಟ್ಟಿದಂದಿನಿಂದ ಒಂದು ಸದ್ದನ್ನೂ ಕಳೆದಿಲ್ಲ ಎಂದೆ. ನಿಜವೇನೆಂದರೆ ಜಾಗ ಸಾಲದೆ ಮೂಲ ಟೇಪುಗಳನ್ನು ಅಳಿಸಿಹಾಕಲು ಸಹಿ ಮಾಡಿದವನು ನಾನೇ. ವಾಪಸು ಬರುವಾಗ ರೈಲಿನಲ್ಲಿ ಹುಲಕೋಟಿಯಿಂದ ಹೆಬಸೂರಿನವರೆಗೆ ಬೆವರಿದೆ. ಹೆಬಸೂರು ದಾಟಿದ ಮೇಲೆ ಒಂದು ನೆನಪಾಯಿತು. ಕಸ ಯಾವುದೆಂದು ಜರಡಿಗೆ ತಿಳಿಯಬೇಕಾದರೆ ಅದಕ್ಕೆ ಕಸದ ಮಾದರಿ ತೋರಿಸುತ್ತಿರಬೇಕು. ಅದಕ್ಕಾಗಿ ಜರಡಿ ತಾನು ಎಸೆದದ್ದನ್ನೆಲ್ಲ ತನ್ನ ಹೊಟ್ಟೆಯ ಮೂಲೆಯಲ್ಲೇ ಇಟ್ಟುಕೊಳ್ಳುತ್ತಿತ್ತು. ಹುಡುಕಿದೆ. ಇತ್ತು. ಫೋಲ್ಡರಿನ ಹೆಸರು ‘ಕಸ’.

ಎರಡು ದಿನ ಕೂತು ಆ ಕಸವನ್ನು ಕೇಳಿದೆ. ಕೆಮ್ಮು, ಸಿಪ್ಪೆ, ಹಾರ್ನುಗಳ ನಡುವಿನಿಂದ, ಎಡ ವಿಂಗಿನ ಆಚೆಯ ಆ ಒಂದು ಗೇಣು ಜಾಗದ ದನಿಯನ್ನಷ್ಟೇ ಹೆಕ್ಕಲು ಜರಡಿಗೆ ಹೊಸ ಗಡಿ ಎಳೆದುಕೊಟ್ಟೆ. ಟ್ರಂಕಿನ ಸುತ್ತ, ಬೆರಳಿನಿಂದಲೇ. ದನಿ ಬಂತು. ಸಣ್ಣದು, ಒಣಗಿದ್ದು, ಗಡಿಬಿಡಿಯಿಲ್ಲದ್ದು. ನಾಟಕದ ಮಾತು ಅದರಲ್ಲಿ ಅರ್ಧ. ಉಳಿದರ್ಧ ಪ್ರತಿಯಲ್ಲಿಲ್ಲದ್ದು. ‘ಮೀಸಿ ಸಡಲೈತಿ, ಒತ್ತಿಕೊಳ್ರಿ.’ ‘ಎರಡು ಹೆಜ್ಜಿ ಹಿಂದ, ಹಲಗಿ ಮುರದೈತಿ.’ ‘ಆಕಿ ಮಾತು ಮರತಾಳ, ನೀವ ನಕ್ಕು ಸಾಗಿಸ್ರಿ.’ ‘ಮುಂದಿನ ಸೀನಿಗೆ ಮೊದಲ ಗುಳಿಗಿ ತಗೋಬೇಕು, ನೆನಪಿರಲಿ.’ ಮರುರಂಗದಲ್ಲಿ ನಾವು ಕಾಪಾಡಿಟ್ಟದ್ದು ಇದಕ್ಕೆ ಬಂದ ಉತ್ತರಗಳನ್ನಷ್ಟೇ.

ದೀಕ್ಷಿತ್ ಮೇಡಂಗೆ ಕೇಳಿಸಿದೆ. ಕೇಳಿ ಮುಗಿದ ಮೇಲೆ ಅವರು ಕಿಟಕಿಯಾಚೆ ನೋಡುತ್ತ, ನಾವು ಎರಡು ವರ್ಷದಿಂದ ಜನರಿಗೆ ತೋರಿಸುತ್ತಿರುವುದು ಯಾವ ನಾಟಕವನ್ನ ಎಂದು ಕೇಳಿದರು. ಅರ್ಧ ನಾಟಕವನ್ನ, ತಪ್ಪು ನನ್ನದೇ ಎಂದೆ. ಹೀಗಾಗುವುದು ಅಪರೂಪ, ಬರೆದಿಟ್ಟುಕೊಳ್ಳಿ. ಈ ದನಿಯನ್ನು ಎಲ್ಲರಿಗೂ ಕೇಳುವಂತೆ ಹಾಕಿಬಿಡೋಣ, ತಪ್ಪನ್ನು ಒಪ್ಪಿಕೊಳ್ಳೋಣ ಎಂದು ಅವರೇ ತೀರ್ಮಾನಿಸಿದರು.

ಗುರುವಾರ ಮಧ್ಯಾಹ್ನ ಗಂಡಹೆಂಡತಿ ಬಂದರು. ವಿಷಯ ತಿಳಿಸಿದಾಗ ಕಾಶೀಬಾಯಿಯವರ ಮುಖ ಗಂಟಿಕ್ಕಿತು. ಬಳಪ ಮುರಿಯುವಷ್ಟು ಒತ್ತಿ ಬರೆದರು: ‘ಮಂದಿಗೆ ಕೇಳಬಾರದು.’

ಮೇಡಂ ಸಮಾಧಾನ ಹೇಳಿದರು. ನಿಮ್ಮ ಶ್ರಮ ಜಗತ್ತಿಗೆ ತಿಳಿಯಬೇಡವೇ, ನಿಮ್ಮ ಹೆಸರೂ ಬರಬೇಡವೇ ಎಂದರು. ಕಾಶೀಬಾಯಿ ತಲೆಯಾಡಿಸಿ, ಒರೆಸಿ, ಬರೆದರು.

‘ನಲವತ್ಮೂರು ವರ್ಷದಾಗ ನನ್ನ ದನಿ ಮೊದಲನೇ ಸಾಲಿನ ಕುರ್ಚಿಗೂ ಕೇಳಿಲ್ಲ. ಅದ ನನ್ನ ಹೆಸರು. ಅದನ್ನ ಅಳಿಸಬ್ಯಾಡ್ರಿ.’

ಎಲ್ಲರಿಗೂ ಕೇಳಿಸಿದರೆ ಅವರ ಕಸುಬಿಗೆ ಅವಮಾನ. ಕೇಳಿಸದಿದ್ದರೆ ನಾಟಕವೇ ಸುಳ್ಳು. ಇಂಥ ಗಂಟನ್ನು ಬಿಡಿಸಲು ಜಗತ್ತಿನಲ್ಲಿ ಇರುವವರೇ ಮೂರು ಜನ, ಅವರಲ್ಲಿ ಇಬ್ಬರು ಅವತ್ತು ರಜೆಯಲ್ಲಿದ್ದರು. ದನಿಯನ್ನು ಅದು ಹುಟ್ಟಿದ ಜಾಗದಲ್ಲೇ ಇಟ್ಟೆ, ಟ್ರಂಕಿನ ಮೇಲೆ. ಅದು ಎಷ್ಟು ದೂರ ಹೋಗುತ್ತಿತ್ತೋ ಅಷ್ಟೇ ದೂರ ಬಿಟ್ಟೆ. ಕುರ್ಚಿಯಲ್ಲಿ ಕೂತವರಿಗೆ ಅದು ಕೇಳುವುದಿಲ್ಲ. ರಂಗ ಹತ್ತಿ, ದೇಸಾಯಿ ನಿಲ್ಲುವ ಜಾಗದಲ್ಲಿ ನಿಂತವರಿಗೆ ಮಾತ್ರ ಎಡಗಿವಿಯಲ್ಲಿ ಕೇಳುತ್ತದೆ. ಕಾಶೀಬಾಯಿಯವರೇ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತು ಪರೀಕ್ಷೆ ಮಾಡಿದರು. ಕಿವಿಗೆ ಕೈ ಅಡ್ಡ ಇಟ್ಟು ಕೇಳಿದರು. ಏನೂ ಕೇಳಲಿಲ್ಲ. ಆಗ ಅವರ ಮುಖದ ಗಂಟು ಸಡಿಲವಾಯಿತು.

ಆಮೇಲೆ ಮಾಸ್ತರರಿಗೆ ಕನ್ನಡಕ ಏರಿಸಿದೆವು. ಮೊದಲು ಪಿಸುಮಾತಿಲ್ಲದೆ. ಅವರ ಕಣ್ಣೆದುರು ಇಳಕಲ್ಲಿನ ಥೇಟರು ಎದ್ದದ್ದು ನಮಗೆ ಪರದೆಯ ಮೇಲೆ ಕಾಣುತ್ತಿತ್ತು. ಬಾಗಿದ ಬೆನ್ನು ನೆಟ್ಟಗಾಯಿತು. ಕಾಲು ತಾನಾಗಿ ದೇಸಾಯಿಯ ಜಾಗಕ್ಕೆ ನಡೆಯಿತು. ಹಾರ್ಮೋನಿಯಂ ನಿಂತಿತು. ಅವರು ತಲೆ ವಾಲಿಸಿದರು. ಕಾದರು. ನಮ್ಮ ಪ್ರಶಸ್ತಿ ವಿಜೇತ ನಿಶ್ಶಬ್ದ ಅವರ ಕಿವಿಯಲ್ಲಿ ತುಂಬಿಕೊಂಡಿತ್ತು. ಆ ಮುಖದ ಬಗ್ಗೆಯೇ ನಾನು ಎರಡು ಕಡೆ ಭಾಷಣ ಮಾಡಿದ್ದೆ. ಅದರಲ್ಲಿ ಇದ್ದದ್ದು ಹೆದರಿಕೆ ಎಂದು ಅವತ್ತು ತಿಳಿಯಿತು.

ಗುಂಡಿ ಒತ್ತಿದೆ.

ಎಡ ವಿಂಗಿನಿಂದ ದನಿ ಬಂತು, ಅವರ ಎಡಗಿವಿಗೆ ಮತ್ತು ನನ್ನ ಹೆಡ್‌ಫೋನಿಗೆ ಮಾತ್ರ. ‘ಈ ಕಲ್ಲಿನ ವಾಡೆ…’

ಮಾಸ್ತರರ ತುಟಿ ಅಲುಗಿತು. ಗಂಟಲು ಕೆರೆಯಿತು. ಎಂಟು ತಿಂಗಳ ಧೂಳನ್ನು ಕೊಡವಿಕೊಂಡು ಮಾತು ಎದ್ದಿತು. “ಈ ಕಲ್ಲಿನ ವಾಡೆ ಕಟ್ಟಿದವನು ನಾನು. ಇದರ ಬಾಗಿಲನ್ನು ಯಾರಿಗೆ ತೆರೆಯಬೇಕೆಂದು ಹೆಂಡತಿಯಿಂದ ಕಲಿಯಬೇಕಾಗಿಲ್ಲ.”

ಕೊನೆಯ ಶಬ್ದಕ್ಕೆ ಕಂಟ್ರೋಲ್ ರೂಮಿನ ಗಾಜು ನಡುಗಿತು. ಇದು ಉತ್ಪ್ರೇಕ್ಷೆಯಲ್ಲ, ಮೇಡಂ ಸಾಕ್ಷಿ. ಮುಂದಿನ ಮಾತು, ಅದರ ಮುಂದಿನದು. ನಡುವೆ ದನಿ ‘ಮೀಸಿ ಸಡಲೈತಿ, ಒತ್ತಿಕೊಳ್ರಿ’ ಎಂದಿತು. ಮಾಸ್ತರರು ಕೈ ಎತ್ತಿ, ಇಲ್ಲದ ಮೀಸೆಯನ್ನು ಮೇಲ್ದುಟಿಯ ಮೇಲೆ ಒತ್ತಿಕೊಂಡರು. ಕಾಶೀಬಾಯಿ ನಗಲು ಬಾಯಿ ತೆರೆದರು. ಸದ್ದಿಲ್ಲದ ನಗು.

ಅಂಕ ಮುಗಿದು ಪರದೆ ಬಿತ್ತು. ಕನ್ನಡಕ ತೆಗೆಯಲು ನಾನು ಹತ್ತಿರ ಹೋದೆ. ಅಷ್ಟರಲ್ಲಿ ಮಾಸ್ತರರು ಎಡಕ್ಕೆ ತಿರುಗಿದರು. ಯಾವ ಪ್ರತಿಯಲ್ಲೂ ಇಲ್ಲದ, ಯಾರೂ ಎತ್ತಿಕೊಡದ ಮಾತೊಂದನ್ನು ಮೆಲ್ಲಗೆ ಆಡಿದರು.

“ಕಾಶಿ, ಇವತ್ತು ನಿನ್ನ ದನಿ ಬಾಳ ದೂರದಿಂದ ಬಂದಂಗಾತು. ನೀರು ಕುಡಿ.”

ಕಾಶೀಬಾಯಿ ಅವರ ಬಲಗಡೆ ನಿಂತಿದ್ದರು. ಮೇಜಿನ ಮೇಲಿದ್ದ ನನ್ನ ಲೋಟ ತೆಗೆದುಕೊಂಡು, ಸುತ್ತಿ ಬಂದು ಅವರ ಎಡಗಡೆ ನಿಂತರು. ನೀರು ಕುಡಿದರು. ಗುಟುಕು ಇಳಿಯುವ ಸದ್ದು ಕೇಳುವ ತನಕ ಮಾಸ್ತರರು ಕಾದರು.

ಈಗ ಅವರು ಪ್ರತಿ ಗುರುವಾರ ಬರುತ್ತಾರೆ. ನಾಟಕ ಮುಗಿದ ಮೇಲೆ ಮಾಸ್ತರರ ಬಾಯಲ್ಲಿ ಮಾತು ಒಂದಿಷ್ಟು ಹೊತ್ತು ಉಳಿಯುತ್ತದೆ, ಒಲೆಯಿಂದ ಇಳಿಸಿದ ಪಾತ್ರೆಯಲ್ಲಿ ಬಿಸಿ ಉಳಿದ ಹಾಗೆ. ಮೊದಲ ವಾರ ಅದು ರೈಲಿನಲ್ಲಿ ಹೆಬಸೂರಿನವರೆಗೆ ಇತ್ತಂತೆ. ತಿಂಗಳಾದ ಮೇಲೆ ಅಣ್ಣಿಗೇರಿ ಮುಟ್ಟಿತು. ಈಗ ಹುಲಕೋಟಿ. ಬೆಟಗೇರಿಯ ಮನೆ ಬಾಗಿಲನ್ನು ಇನ್ನೂ ಮುಟ್ಟಿಲ್ಲ, ಮುಟ್ಟುತ್ತದೆಂದು ಡಾಕ್ಟರೂ ಹೇಳಿಲ್ಲ. ಬೇರೆ ಯಾವ ಕಥೆಯಾಗಿದ್ದರೂ ನಾನು ಮಾಸ್ತರರ ಮಾತನ್ನು ಗದಗು ದಾಟಿಸಿ ಕೊಪ್ಪಳಕ್ಕೆ ಮುಟ್ಟಿಸುತ್ತಿದ್ದೆ. ಇದರಲ್ಲಿ ಒಂದು ಸ್ಟೇಷನ್ನನ್ನೂ ಸೇರಿಸಿಲ್ಲ.

ಎಡಗಿವಿ ಭಂಗಿಯ ಪಾಠ ಪುಸ್ತಕದಲ್ಲಿ ಹಾಗೇ ಇದೆ. ಅದರ ಕೆಳಗೆ ಮೇಡಂ ಒಂದು ಸಾಲು ಸೇರಿಸಿದ್ದಾರೆ: ‘ಈ ಭಂಗಿಯ ಕಾರಣ ತಿಳಿಯಬೇಕಾದವರು ರಂಗ ಹತ್ತಿ ನಿಲ್ಲಬೇಕು.’ ಆ ಎಂಟು ಹುಡುಗರು ಬಂದು ಒಬ್ಬೊಬ್ಬರಾಗಿ ನಿಂತರು. ಇಳಿದು ಬಂದವರು ಏನು ಕೇಳಿತೆಂದು ಯಾರಿಗೂ ಹೇಳಲಿಲ್ಲ.

ಮೊನ್ನೆ ಯಾರೂ ಇಲ್ಲದಾಗ ನಾನೂ ಹತ್ತಿದೆ. ದೇಸಾಯಿಯ ಪಾರ್ಟು ನನಗೇನು ಮಹಾ, ಹುಟ್ಟುವ ಮುಂಚೆಯೇ ಬಾಯಿಪಾಠ. ಪ್ರತಿಯಲ್ಲಿದ್ದದ್ದನ್ನು ಆಡಿದೆ, ಇಲ್ಲದ್ದನ್ನೂ ಆಡಿದೆ. ನನ್ನ ಕಿವಿಯ ಬಗ್ಗೆ, ಬೆಳ್ಳಿ ತಟ್ಟೆಯ ಬಗ್ಗೆ ಖಾಲಿ ಕುರ್ಚಿಗಳಿಗೆ ದೊಡ್ಡ ದನಿಯಲ್ಲಿ ಹೇಳುತ್ತಲೇ ಇದ್ದೆ. ಎಷ್ಟು ಹೊತ್ತಾಯಿತೋ. ಎಂದೋ ಯಾವ ನಟನಿಗೋ ಹೇಳಿದ್ದ ಮಾತು ಎಡಗಡೆಯಿಂದ ಬಂತು. ತೀರ ಹತ್ತಿರದಿಂದ.

‘ನಿಮ್ಮ ಮಾತು ಮುಗೀತ್ರಿ. ಇನ್ನ ನಿಲ್ಲಬ್ಯಾಡ್ರಿ, ಒಳಗ ಬರ್ರಿ.’

ಹೇಳುವುದು ಇನ್ನೂ ಬಹಳ ಇತ್ತು. ಆದರೂ ತಲೆ ಎಡಕ್ಕೆ ವಾಲಿಸಿ, ಕೇಳಿಸಿಕೊಂಡು, ಒಳಗೆ ನಡೆದೆ.